ಕೂಗದ ಪೆಟ್ಟಿಗೆ

ಟ್ಯಾಂಕಿಗೆ ಇಳಿದು ತೊಳೆಯುವವರು ಸೊಂಟಕ್ಕೆ ಕಟ್ಟಿಕೊಳ್ಳುವ ಪುಟ್ಟ ಪೆಟ್ಟಿಗೆ ಅದು. ವಿಷಗಾಳಿ ಏರಿದರೆ ಕೂಗಬೇಕು. ಒಳಗಿನ ಸೆನ್ಸರ್ ಜೊತೆ ಮಾತಾಡುವ ಡ್ರೈವರ್ ಪ್ರೋಗ್ರಾಂ ಬರೆದವಳು ಅವಳು. ಎರಡು ದಾರಿಗಳಿದ್ದವು: ಕ್ಷಣಕ್ಕೊಮ್ಮೆ ಸೆನ್ಸರನ್ನು ಕೇಳುತ್ತಲೇ ಇರುವುದು, ಇಲ್ಲವೇ ಗಾಳಿ ಕೆಟ್ಟಾಗ ಸೆನ್ಸರೇ ಕರೆಯಲಿ ಎಂದು ಕಾಯುವುದು. ಕೇಳುತ್ತಲೇ ಇದ್ದರೆ ಪಾಳಿ ಮುಗಿಯುವ ಮೊದಲೇ ಬ್ಯಾಟರಿ ಕೈಕೊಡುತ್ತಿತ್ತು. ಅವಳು ಕಾಯುವ ದಾರಿ ಹಿಡಿದಳು.

"ಅದು ಸುಮ್ನಿದ್ರೆ ಗಾಳಿ ಚೆನ್ನಾಗಿದೆ ಅಂತಾನಾ, ಅದೇ ಕೆಟ್ಟೋಗಿದೆ ಅಂತಾನಾ?" ಎಂದು ಪಕ್ಕದ ಮೇಜಿನ ಟೆಸ್ಟರ್ ಕೇಳಿದ್ದ. ಎಲ್ಲದಕ್ಕೂ ಕೊಕ್ಕೆ ಹಾಕುತ್ತಾನೆಂದು ಆಫೀಸಿನಲ್ಲಿ ಅವನಿಗೆ ಕೊಕ್ಕೆರಾಯ ಎಂದೇ ಹೆಸರು.

"ಹೊಸ ಸೆನ್ಸರ್ ಕಣೋ, ಯಾಕೆ ಕೆಡುತ್ತೆ? ನಿಂಗೆ ಬೇರೆ ಕೆಲಸ ಇಲ್ವಾ?" ಎಂದು ಅವಳು ನಕ್ಕು ತಳ್ಳಿಹಾಕಿದ್ದಳು.

ಪೆಟ್ಟಿಗೆ ಮಾರಾಟಕ್ಕೆ ಹೋದ ಹನ್ನೊಂದು ತಿಂಗಳಿಗೆ ಬಣ್ಣದ ಕಾರ್ಖಾನೆಯೊಂದರ ಟ್ಯಾಂಕಿನಲ್ಲಿ ಒಬ್ಬ ಸತ್ತ. ಅವನ ಪೆಟ್ಟಿಗೆ ಬಿಚ್ಚಿ ನೋಡಿದವಳೂ ಅವಳೇ. ಸೆನ್ಸರಿನ ತಂತಿ ಕಿಲುಬು ಹಿಡಿದು ತುಂಡಾಗಿತ್ತು. ಪೆಟ್ಟಿಗೆ ಸೆನ್ಸರನ್ನು ಕೇಳಿದ್ದರೆ ಉತ್ತರ ಬರುತ್ತಿರಲಿಲ್ಲ. ಉತ್ತರ ಬಾರದಿದ್ದರೆ ಕೂಗು ಎಂದು ಬರೆಯುವುದು ಅವಳಿಗೆ ಎರಡು ಸಾಲಿನ ಕೆಲಸ.

"ತಂತಿ ಕೊಟ್ಟವರ ತಲೆಗೆ ಕಟ್ಟೋಣ. ನೀನು ಬಾಯಿ ಬಿಡ್ಬೇಡ," ಎಂದ ಮ್ಯಾನೇಜರ್. ಅವಳು ಇದ್ದದ್ದನ್ನು ಇದ್ದ ಹಾಗೆ ವರದಿಯಲ್ಲಿ ಬರೆದು ಸಹಿ ಹಾಕಿದಳು. ಆಮೇಲೆ ಸತ್ತವನ ಮನೆ ಹುಡುಕಿಕೊಂಡು ಹೋದಳು.

ಬಾಗಿಲು ತೆರೆದವನು ಸತ್ತವನ ಅಣ್ಣ. ಆ ದಿನ ಟ್ಯಾಂಕಿನ ಬಾಯಲ್ಲಿ ಹಗ್ಗ ಹಿಡಿದು ಕೂತಿದ್ದವನೂ ಅವನೇ. ಅವಳ ಮಾತನ್ನೆಲ್ಲ ಕೇಳಿ, "ಪೆಟ್ಟಿಗೆ ಸುಮ್ನಿತ್ತಲ್ಲ ಮೇಡಂ, ನಾನೂ ಅವನನ್ನ ಕೂಗಿ ಕೇಳ್ಲಿಲ್ಲ," ಎಂದ. "ಅಮ್ಮ ಅವತ್ತಿಂದ ನನ್ನ ಹತ್ರ ಮಾತು ಬಿಟ್ಟಿದ್ದಾಳೆ. ಇದನ್ನ ಅವಳಿಗೂ ಹೇಳಿ."

ಒಳಗೆ ತಾಯಿ ಕಿರಿಮಗನ ಅಂಗಿಗಳನ್ನು ಮಡಚುತ್ತಿದ್ದಳು. ಅವಳು ತಾಯಿಯ ಎದುರು ಕೂತು ಮತ್ತೆ ಎಲ್ಲವನ್ನೂ ಹೇಳಿದಳು.

"ಹಾಗಾದ್ರೆ ದೊಡ್ಡವನದ್ದು ತಪ್ಪಿಲ್ಲ ಅಂತೀಯಾ?"

"ಇಲ್ಲಮ್ಮ. ತಪ್ಪು ನಂದು."

ತಾಯಿ ಕೈಯಲ್ಲಿದ್ದ ಅಂಗಿಯನ್ನು ಕೆಳಗಿಟ್ಟಳು. "ನಿಂದು ನೀನು ಒಪ್ಕೊಂಡೆ. ಆದ್ರೆ ಒಡಹುಟ್ಟಿದವನನ್ನ ಒಂದ್ಸಲ ಹೆಸರು ಹಿಡಿದು ಕೂಗೋಕೆ ಇವನಿಗೆ ಪೆಟ್ಟಿಗೆ ಯಾಕೆ ಬೇಕಿತ್ತು?"

ಹೊಸ್ತಿಲಲ್ಲಿ ನಿಂತಿದ್ದ ಅಣ್ಣ ಹಿತ್ತಲ ಕಡೆ ನಡೆದುಬಿಟ್ಟ. ಅವಳು ಎದ್ದು ಹೊರಟಳು.

ಅದೇ ತಿಂಗಳು ಕಂಪನಿಯವರು ಪೆಟ್ಟಿಗೆಗಳನ್ನೆಲ್ಲ ವಾಪಸು ತರಿಸಿದರು. ಅವಳೂ ಕೊಕ್ಕೆರಾಯನೂ ಸೇರಿ, ಸೆನ್ಸರನ್ನು ಕೇಳುತ್ತಲೇ ಇರುವ ಹಾಗೆ ಡ್ರೈವರ್ ಪ್ರೋಗ್ರಾಂ ಹೊಸದಾಗಿ ಬರೆದರು. ದೊಡ್ಡ ಬ್ಯಾಟರಿ ಹಾಕಿದ್ದರಿಂದ ಪೆಟ್ಟಿಗೆ ಭಾರವಾಯಿತು. ಕೊನೆಯ ಪೆಟ್ಟಿಗೆ ಹೊರಗೆ ಹೋದ ಮಧ್ಯಾಹ್ನ ಮ್ಯಾನೇಜರ್ ಅವಳನ್ನು ಕರೆದು, ನಾಳೆಯಿಂದ ಬರುವುದು ಬೇಡ ಎಂದ. ಅವಳು ಯಾಕೆಂದು ಕೇಳಲಿಲ್ಲ.