ಮಡಚಿ ನಿಲ್ಲಿಸಿದ ಚೀಟಿ

ಫ್ಯಾನು ಜೋರಾದಾಗಲೆಲ್ಲ ಮುಂದಿನ ಬೆಂಚಿನ ಚೀಟಿ ಕವುಚಿ ಬೀಳುತ್ತದೆ, ಹುಡುಗ ಎತ್ತಿ ನಿಲ್ಲಿಸುತ್ತಾನೆ, ಮತ್ತೆ ಬೀಳುತ್ತದೆ, ದಪ್ಪ ಹಾಳೆ ತರಿಸಿ ಎಂದು ಸಿಂಧನೂರಿನ ತರಬೇತಿಯಲ್ಲಿ ಹೇಳಿದ್ದೆನೋ ಇಲ್ಲವೋ, ನಲವತ್ತು ಉಪನ್ಯಾಸಕರ ಮುಂದೆ ಎರಡು ದಿನ ನಿಂತು ಮೊದಲ ದಿನದ ತರಗತಿ ಹೇಗಿರಬೇಕು ಎಂದು ಮಾತಾಡಿದವನಿಗೆ ಎಲ್ಲಾ ಎಲ್ಲಿ ನೆನಪಿರುತ್ತದೆ, ಹೆಸರು ಕಲಿಯಿರಿ, ಹುಡುಗರನ್ನು ನಂಬರಿನಿಂದ ಕರೆಯಬೇಡಿ, ಹಾಳೆ ಮಡಚಿ ಹೆಸರು ಬರೆಸಿ ಬೆಂಚಿನ ಮೇಲೆ ನಿಲ್ಲಿಸಿ — ಇಲ್ಲಿ ನಿಂತಿವೆ, ಮಸ್ಕಿಯ ಈ ಕಾಲೇಜಿನಲ್ಲಿ, ಬಿ.ಎ. ಮೊದಲ ವರ್ಷ, ಕಾಲೇಜು ಶುರುವಾಗಿ ಮೂರನೇ ದಿನ, ಕೊನೆಯ ಬೆಂಚಿನಲ್ಲಿ ನಾನು, ತೊಡೆಯ ಮೇಲೆ ಮೌಲ್ಯಮಾಪನದ ಫಾರಂ, ಪ್ರತಿ ಸಾಲಿಗೂ ಐದಕ್ಕೆ ಎಷ್ಟು. ಹೇಳಿಕೊಟ್ಟವನೇ ಅಂಕ ಹಾಕುವುದು ಸರಿಯೇ ಎಂದು ಯಾರೂ ಕೇಳಲಿಲ್ಲ, ನಾನಂತೂ ಕೇಳಲಿಲ್ಲ, ಸೋಮವಾರದ ಸಭೆಯಲ್ಲಿ ಈ ಫಾರಂ ನೋಡಿ ಮೂರೂ ತಾಲೂಕಿನ ಕಾಲೇಜುಗಳಿಗೆ ಇದೇ ಪದ್ಧತಿ ಹಬ್ಬಿಸುತ್ತಾರಂತೆ, ಸುನೀಲ ಸರ್ ಪದ್ಧತಿ ಎಂದು ಯಾರೋ ಫೋನಿನಲ್ಲಿ ಅಂದರು, ಅತಿಥಿ ಉಪನ್ಯಾಸಕನ ಹೆಸರಿನಲ್ಲಿ ಒಂದು ಪದ್ಧತಿ, ಕೇಳಲು ಚೆನ್ನಾಗಿತ್ತು. ಅಮರೇಶ್ವರಿ ಮೇಡಂ ಗಂಟೆ ಹೊಡೆಯುವ ಮೊದಲೇ ಒಳಗೆ ಬಂದಿದ್ದರು, ಐದು. ನಿನ್ನೆ ಕೇಳಿದ ಪ್ರಶ್ನೆಯಿಂದಲೇ ಶುರು ಮಾಡಿದರು, ಐದು. ಆ ಮೂಲೆಯ ಹುಡುಗ ಬಾಯಿ ತೆರೆಯುವವರೆಗೆ ಕಾದರು, ತುಂಬಾ ಹೊತ್ತು, ನಾನಾಗಿದ್ದರೆ ಅಷ್ಟು ಕಾಯುತ್ತಿರಲಿಲ್ಲ, ಐದು. ನಿನ್ನೆ ಲಿಂಗಸುಗೂರಿನಲ್ಲಿ ಆಂಜನೇಯ ಸರ್ ಚೀಟಿಯನ್ನೇ ಮಾಡಿಸಿರಲಿಲ್ಲ, ನಂಬರು ಕೂಗಿ ಹಾಜರಿ ಹಾಕಿ ನೇರ ನೋಟ್ಸಿಗೆ ಇಳಿದರು, ಅಲ್ರೀ ಸರ್, ಹೆಸರು? ಎಂದೆ. ಹೆಸರು ತಗೊಂಡು ಏನ್ ಮಾಡ್ಲೋ ತಮ್ಮಾ, ದೀಪಾವಳಿ ಆದಮ್ಯಾಲೆ ಅರ್ಧ ಮಂದಿ ಬರಂಗಿಲ್ಲ, ನಿನ್ನ ಟ್ರೇನಿಂಗ್‌ನ್ಯಾಗ ಊಟ ಚಲೋ ಇತ್ತು, ಅದಕ್ಕೊಂದು ಐದು ಬರ್ಕೊ. ಎರಡು ಹಾಕಿ ಬಂದೆ, ಸಿಟ್ಟಿನಲ್ಲಿ, ಮುದಗಲ್ಲಿನ ಬಸ್ಸು ತಪ್ಪಿಸಿಕೊಂಡವರ ಜೊತೆ ನಿಂತು ಚಹಾ ಕುಡಿಯುವಾಗಲೂ ಆ ಸಿಟ್ಟು ಇಳಿದಿರಲಿಲ್ಲ, ಇಂಥವರಿಂದಲೇ ಹುಡುಗರು ಹಾಳಾಗುವುದು ಎಂದುಕೊಂಡಿದ್ದೆ — ಈಗ ಹಳದಿಯವ್ರು ಯಾರರ ಹೇಳ್ರಿ, ಬಿಳಿಯವ್ರೇ ಹೇಳಾಕತ್ತಾರ, ಎನ್ನುತ್ತಿದ್ದಾರೆ ಮೇಡಂ, ನಗುನಗುತ್ತಾ, ಯಾರ ಮೇಲೂ ಸಿಟ್ಟಿಲ್ಲದ ದನಿ, ಹಳದಿಯವರು ಅಂದರೆ ಯಾರು.

ತಲೆ ಎತ್ತಿ ನೋಡಿದೆ. ಮುಂದಿನ ಬೆಂಚುಗಳ ಮೇಲೆ ಬಿಳಿ ಚೀಟಿ, ಅದರ ಹಿಂದೆಯೂ ಬಿಳಿ, ಮತ್ತೆ ಬಿಳಿ, ಆಮೇಲೆ ಒಂದು ಬೆಂಚು ಖಾಲಿ, ಅದರ ಹಿಂದೆ ಹಳದಿ, ನನ್ನ ಬೆಂಚಿನವರೆಗೂ ಹಳದಿ, ಎರಡು ಬಣ್ಣದ ಹಾಳೆಗಳನ್ನು ಯಾರೋ ಬೇರೆ ಬೇರೆ ಜೋಡಿಸಿಟ್ಟ ಹಾಗೆ, ಆ ಖಾಲಿ ಬೆಂಚಿನ ಮೇಲೆ ಒಂದು ಚೀಲವೂ ಇಲ್ಲ. ಅಂಗಡಿಯಲ್ಲಿ ಬಿಳಿ ಹಾಳೆ ಮುಗಿದಿರಬೇಕು, ಮೊದಲು ಬಂದ ಯೋಚನೆ ಅದೇ, ಬಣ್ಣಕ್ಕೆ ಏನೂ ಅರ್ಥವಿಲ್ಲ, ಮುಗಿದಿರಬೇಕು. ಪಕ್ಕದಲ್ಲಿ ಕೂತ ಹುಡುಗಿಯ ಚೀಟಿಯಲ್ಲಿ ನಾಗವೇಣಿ ಎಂದಿದೆ, ದುಂಡು ಅಕ್ಷರ, ಅವಳ ಚೀಟಿ ಬೀಳುವುದಿಲ್ಲ, ಕೆಳಗೆ ಒಂದು ಪೆನ್ನು ಅಡ್ಡ ಇಟ್ಟಿದ್ದಾಳೆ, ಜಾಣೆ. ಹಳದಿ ಯಾಕವ್ವಾ, ಪಿಸುದನಿಯಲ್ಲಿ ಕೇಳಿದೆ. ನಮ್ದು ಸ್ಕಾಲರ್‌ಶಿಪ್ಪಿಂದ್ರಿ ಸರ್, ಎಸ್ಸಿ-ಎಸ್ಟಿ. ಮತ್ತ ಹಿಂದ ಯಾಕ ಕುಂತೀರಿ, ಮೇಡಂ ಹೇಳ್ಯಾರೇನು? ಇಲ್ರಿ, ಮೇಡಂ ಏನೂ ಅಂದಿಲ್ಲ, ಮೊದಲನೇ ದಿನ ಫಾರಂ ತುಂಬಾಕ ಹಳದಿಯವ್ರನ್ನ ಆಫೀಸಿಗೆ ಕರದಿದ್ರು, ಬರೋದ್ರಾಗ ಮುಂದಿನ ಬೆಂಚು ತುಂಬಿದ್ವು, ನಿನ್ನೆ ನಾ ಲಗೂನ ಬಂದು ಮುಂದ ಕುಂತಿದ್ದೆ, ಆ ಮುಂದಿನ ಬೆಂಚಿನ ಹುಡುಗ, ನೀ ಹಳದಿ ಅಲ್ಲೇನಬೇ, ನಿಮ್ಮ ಬೆಂಚು ಹಿಂದದಾವು ಅಂದ, ಎದ್ದು ಬಂದೆ. ಎದ್ದು ಬಂದೆ ಎನ್ನುವಾಗ ಅವಳ ದನಿಯಲ್ಲಿ ಏನೂ ಬದಲಾಗಲಿಲ್ಲ, ಬಸ್ಸಿನಲ್ಲಿ ಇದು ನನ್ನ ಸೀಟು ಎಂದವನಿಗೆ ಎದ್ದು ಕೊಟ್ಟ ಹಾಗೆ. ಮೂರು ದಿನ. ಮೂರೇ ದಿನಕ್ಕೆ ನಿಮ್ಮ ಬೆಂಚು ನಮ್ಮ ಬೆಂಚು ಆಗಿಬಿಟ್ಟಿದೆ, ಯಾರೂ ಯಾರಿಗೂ ಆಜ್ಞೆ ಮಾಡಿಲ್ಲ.

ಮೇಡಂ ಪಾಠ ನಿಲ್ಲಿಸಿ ಐದು ನಿಮಿಷ ಬರೆಯಲು ಹೇಳಿ ನನ್ನ ಹತ್ತಿರ ಬಂದರು, ಇದೂ ತರಬೇತಿಯಲ್ಲಿ ಹೇಳಿದ್ದೇ, ಹ್ಯಾಂಗನಸ್ತ್ರಿ ಸರ್, ಮುಖದಲ್ಲಿ ಹೊಸ ಸೀರೆ ಉಟ್ಟವರ ಸಂಭ್ರಮ, ಮೇಡಂ, ಈ ಹಳದಿ ಚೀಟಿ ಯಾರ ಐಡಿಯಾ, ಎಂದೆ, ಯಾರ ಐಡಿಯಾ ಎಂದು ತಿಳಿದ ಕೂಡಲೇ ಪ್ರಾಂಶುಪಾಲರಿಗೆ ದೂರು ಬರೆಯಬೇಕು ಎಂಬ ದನಿ ನನ್ನದು, ಅವರಿಗೆ ಅರ್ಥವಾಗಲಿಲ್ಲ, ಇದೇನ್ರಿ ಸರ್, ನೀವ ಹೇಳಿದ್ದಲ್ರಿ, ನಾ ಟ್ರೇನಿಂಗ್‌ನ್ಯಾಗ ಎದ್ದು ಕೇಳಿದ್ನಲ್ಲ, ಗುಮಾಸ್ತ ಲಕ್ಷ್ಮಣ ಮೊದಲನೇ ದಿನಾನೇ ಸ್ಕಾಲರ್‌ಶಿಪ್ ಯಾದಿ ಬೇಕಂತಾನ, ಹುಡುಗರನ್ನ ಎಬ್ಬಿಸಿ ನಿಲ್ಲಿಸದೆ ಯಾದಿ ಹ್ಯಾಂಗ ಮಾಡಬೇಕ್ರಿ ಅಂತ, ನೀವು ಅಂದ್ರಿ, ಹೆಂಗೂ ಚೀಟಿ ಮಾಡಸ್ತೀರಲ್ಲ ಮೇಡಂ, ಅದರಾಗೇ ಬ್ಯಾರೆ ಬಣ್ಣ ಕೊಡ್ರಿ, ಎರಡೂ ಕೆಲಸ ಆಗ್ತಾವ. ಎಲ್ಲಾರೂ ಚಪ್ಪಾಳಿ ಹೊಡದ್ರು. ನಾ ಒಬ್ಬರನ್ನೂ ನಿಲ್ಲಿಸಿಲ್ರಿ ಸರ್, ಬೇಕಾದ್ರ ಹುಡುಗರನ್ನ ಕೇಳ್ರಿ.

ಹೇಳಿದ್ದೆ. ಎರಡನೇ ದಿನ, ಊಟಕ್ಕೆ ಮುಂಚೆ, ಹೊರಗೆ ಪಲಾವಿನ ಪಾತ್ರೆಯ ಮುಚ್ಚಳ ತೆಗೆದ ವಾಸನೆ, ನಲವತ್ತು ಜನರ ಕಣ್ಣು ಬಾಗಿಲ ಕಡೆ, ಕೊನೆಯ ಪ್ರಶ್ನೆ ಬೇಗ ಮುಗಿಯಲಿ ಎಂದು, ಆದರೆ ಬರೀ ಹಸಿವಿನಿಂದ ಹೇಳಿದೆ ಅಂದರೆ ಅದು ಸುಳ್ಳು, ಹೇಳಿದ ಮೇಲೆ ಖುಷಿಯಾಗಿತ್ತು, ಹದಿನಾಲ್ಕು ವರ್ಷದಿಂದ ಹುಡುಕುತ್ತಿದ್ದ ಉತ್ತರ ಸಿಕ್ಕಿತು ಅನ್ನಿಸಿತ್ತು — ಲಿಂಗಸುಗೂರು, ಪಿಯುಸಿ ಮೊದಲ ದಿನ, ಎಸ್ಸಿ-ಎಸ್ಟಿಯವ್ರು ಎದ್ದು ನಿಲ್ರಿ, ಹನ್ನೊಂದು ಜನ ನಿಂತೆವು, ಗುಮಾಸ್ತ ಪೆನ್ನಿನ ತುದಿಯಿಂದ ಎಣಿಸಿದ, ಕುಂದ್ರಿ, ಕೂತೆ, ಅಷ್ಟರಲ್ಲಿ ಪಕ್ಕದವನ ಚೀಲ ನೆಲದಿಂದ ಎದ್ದು ನಮ್ಮಿಬ್ಬರ ನಡುವೆ ಬಂದಿತ್ತು, ಚೀಲ ಇಟ್ಟ, ಅಷ್ಟೇ. ಅಪ್ಪನಿಗೆ ಹೇಳಿದರೆ, ನಿಂತಿದ್ದಕ್ಕ ಏನಾತಲೇ, ಕಾಲು ಸವದುವೇನು, ಎಂದ ಅಪ್ಪ, ಜವಾನನ ನೌಕರಿಯಲ್ಲಿ ದಿನಕ್ಕೆ ಎಂಟು ತಾಸು ನಿಂತೇ ಇರುತ್ತಿದ್ದ ವಿರೂಪಾಕ್ಷಪ್ಪ. ಅವ್ವ ರೊಟ್ಟಿ ಹಾಕಿದಳು. ಹಾಸ್ಟೆಲ್ಲಿನ ಲೈಬ್ರರಿಯಲ್ಲಿ ಕೂತು ಆಗಲೇ ಅಂದುಕೊಂಡಿದ್ದೆ, ನಾನು ಮೇಷ್ಟ್ರಾದರೆ ಯಾರನ್ನೂ ಎಬ್ಬಿಸಿ ನಿಲ್ಲಿಸುವುದಿಲ್ಲ. ನಿಲ್ಲಿಸಲಿಲ್ಲ. ನಾವು ಒಂದು ನಿಮಿಷ ನಿಂತು ಕೂತೆವು, ಇವರ ಚೀಟಿ ನಿಂತೇ ಇದೆ, ಸೋಮವಾರದಿಂದ ಸಿಂಧನೂರಿನಲ್ಲಿ ನಿಲ್ಲುತ್ತದೆ, ಲಿಂಗಸುಗೂರಿನಲ್ಲಿ ನಿಲ್ಲುತ್ತದೆ, ಆಂಜನೇಯ ಸರ್ ಕೂಡ ಗೊಣಗುತ್ತಾ ಎರಡು ಬಣ್ಣದ ಹಾಳೆ ತರಿಸುತ್ತಾರೆ, ಆಂಜನೇಯ ಸರ್ ತರಗತಿಯಲ್ಲಿ ಯಾರು ಎಲ್ಲಿ ಕೂತಿದ್ದರು, ನೆನಪಾಗುತ್ತಿಲ್ಲ, ಎಲ್ಲರೂ ಎಲ್ಲೆಂದರಲ್ಲಿ ಕೂತಿದ್ದರು, ಎರಡು ಹಾಕಿ ಬಂದೆ.

ಮೇಡಂ ಇನ್ನೂ ನಿಂತಿದ್ದಾರೆ, ತಪ್ಪಾತೇನ್ರಿ ಸರ್, ಈಗ ಮುಖದ ಸಂಭ್ರಮ ಇಳಿದಿದೆ, ಬೆಂಚುಗಳನ್ನು ಮುಂದಿನಿಂದ ಹಿಂದಕ್ಕೆ ಒಂದೊಂದಾಗಿ ನೋಡುತ್ತಿದ್ದಾರೆ, ಖಾಲಿ ಬೆಂಚಿನ ಹತ್ತಿರ ಅವರ ಕಣ್ಣು ನಿಂತಿತು, ಅಯ್ಯ, ಎಂದರು, ಅಷ್ಟೇ, ಸೆರಗಿನ ತುದಿ ಹಿಡಿದುಕೊಂಡು ಬೋರ್ಡಿನ ಕಡೆ ಹೋದರು, ಚಾಕ್ ಎತ್ತಿಕೊಂಡರು, ಏನೂ ಬರೆಯಲಿಲ್ಲ. ಫಾರಮಿನ ಕೊನೆಯ ಸಾಲು, ಈ ಪದ್ಧತಿಯನ್ನು ಇತರ ಕಾಲೇಜುಗಳಿಗೆ ಶಿಫಾರಸು ಮಾಡುವಿರಾ, ಹೌದು, ಇಲ್ಲ. ಇಲ್ಲ ಎಂಬುದಕ್ಕೆ ಗುರುತು ಹಾಕಿದೆ, ಅದು ಸುಲಭ, ಅದರ ಕೆಳಗೆ ಕಾರಣ ಎಂದಿದೆ, ಉಪನ್ಯಾಸಕಿ ತರಬೇತಿಯನ್ನು ತಪ್ಪಾಗಿ ಗ್ರಹಿಸಿದ್ದಾರೆ ಎಂದು ಬರೆದರೆ ಮುಗಿಯಿತು, ಅವರೂ ನನ್ನ ಹಾಗೆ ಅತಿಥಿ, ಮುಂದಿನ ವರ್ಷ ಅವರನ್ನು ಕರೆಯುವುದಿಲ್ಲ, ನನ್ನನ್ನು ಕರೆಯುತ್ತಾರೆ, ಪೆನ್ನು ಉ ಬರೆದೂ ಬಿಟ್ಟಿದೆ, ಹೊಡೆದು ಹಾಕಿದೆ. ತರಬೇತಿಯಲ್ಲಿ ಹೀಗೆ ಮಾಡಿ ಎಂದು ಹೇಳಿಕೊಟ್ಟಿದ್ದು ನಾನೇ. ಬರೆದೆ. ಹೇಳಿಕೊಟ್ಟವರ ಹೆಸರು, ಅದನ್ನೂ ಬರೆಯಬೇಕು — ಸರ್, ನಿಮ್ಮ ಹೆಸರು ಏನ್ರಿ, ನಾಗವೇಣಿ ಕೇಳುತ್ತಿದ್ದಾಳೆ, ಸುನೀಲ, ಎಂದೆ, ಯಾಕೆ ಎಂದು ಕೇಳಲಿಲ್ಲ, ಅವಳ ಪುಸ್ತಕದ ನಡುವಿನಿಂದ ಉಳಿದ ಹಾಳೆ ಹೊರಗೆ ಬಂತು, ಮೇಡಂ ಚೀಟಿ ಇಲ್ಲದ ಯಾರೂ ಕುಂದ್ರಬಾರದು ಅಂದಾರ್ರಿ, ಎಂದಳು, ಉಗುರಿನಿಂದ ಗೆರೆ ಎಳೆದು ಮಡಚಿದಳು, ದುಂಡು ಅಕ್ಷರದಲ್ಲಿ ಬರೆದಳು, ನನ್ನ ಮುಂದೆ ಇಟ್ಟಳು, ಬೀಳದ ಹಾಗೆ ಕೆಳಗೆ ತನ್ನ ಪೆನ್ನು ಅಡ್ಡ ಇಟ್ಟಳು. ಫ್ಯಾನು ಜೋರಾಯಿತು. ಮುಂದಿನ ಬಿಳಿ ಚೀಟಿ ಬಿತ್ತು. ನನ್ನದು ಬೀಳಲಿಲ್ಲ, ಹಳದಿ, ಸುನೀಲ, ನಿಂತಿದೆ, ಹಳದಿ