ಎಮಿಲ್ ನಿದ್ದೆಹೋದ ಆ ಒಂದು ಗಂಟೆ

ಟಕಟಕ ನಿಂತಿತು, ಸಾಕ್ಷಿ ಹೇಳಿಕೆ ಬರೆದುಕೊಳ್ಳುವ ಬೆರಳಚ್ಚಿನ ಹುಡುಗಿಯ ಬೆರಳುಗಳು ಪುಟ್ಟ ಯಂತ್ರದ ಮೇಲೆ ಗುಬ್ಬಚ್ಚಿಗಳ ಹಾಗೆ ಕಾದು ಕೂತಿವೆ, ವರ್ನಾ ಬಾಯಿ ತೆರೆದರೆ ಹಾರುತ್ತವೆ, ಇಲ್ಲದಿದ್ದರೆ ಇಲ್ಲೇ ಕೂತಿರುತ್ತವೆ, ಪಾಪ — ಏನು ಕೇಳಿದ ಈ ಆಸ್ಪತ್ರೆಯ ವಕೀಲ, ಹಾಂ, ಮಿಸೆಸ್ ವರ್ನಾ ಹುಡಾಕ್, ನರ್ಸ್ ಬಾಗಿಲಿಗೆ ಬಂದಾಗ ನೀವು ಏನಾದ್ರೂ ಹೇಳಿದ್ರಾ, ಎಷ್ಟು ಮೆತ್ತಗೆ ಕೇಳುತ್ತಾನೆ, ಮಗುವಿಗೆ ಕಹಿ ಔಷಧಿ ಕುಡಿಸುವವನ ಹಾಗೆ, ಪಕ್ಕದಲ್ಲಿ ಅವಳ ಪರ ವಕೀಲೆ ಕೆರಿಗನ್, ಬೆಳಿಗ್ಗೆ ಕಾರಿನಲ್ಲೇ ಪಾಠ ಹೇಳಿದ್ದಾಳೆ, ನೋಡಿ ವರ್ನಾ, ಕೇಳಿದ್ದಕ್ಕಷ್ಟೇ ಉತ್ತರ, ಹೆಸರು ಕೇಳಿದ್ರೆ ಮದುವೆ ಕಥೆ ಹೇಳ್ಬೇಡಿ, ಗಂಡ ಎಮಿಲ್ ಇದ್ದಿದ್ದರೆ ನಗುತ್ತಿದ್ದ, ಅದೊಂದು ನಮ್ಮ ವರ್ನಾ ಕೈಲಿ ಆಗಲ್ಲ ವಕೀಲರೇ, ಎಮಿಲ್, ಎದೆ ಸೀಳಿ ಹೊಲಿದ ಮೇಲೆ ಕೆಮ್ಮು ಬಂದರೆ ಅವುಚಿಕೊಳ್ಳಲೆಂದು ಕೊಟ್ಟ ಕೆಂಪು ಹೃದಯದಾಕಾರದ ದಿಂಬು ತಬ್ಬಿಕೊಂಡು, ನೋಡೇ, ಈಗ ನಂಗೆ ಎರಡು ಹೃದಯ, ಒಂದು ಕೈಕೊಟ್ರೆ ಇನ್ನೊಂದು, ನಿಮ್ಮಜ್ಜಿ ಕಥೆ ರಾಕ್ಷಸನ ಹಾಗೆ — ಹೌದು, ಅಜ್ಜಿ ಪಿರೋಗಿ ಕಡುಬು ಮಡಿಚುತ್ತ ಹೇಳುತ್ತಿದ್ದಳು, ಆ ರಾಕ್ಷಸ ಹೃದಯವನ್ನು ಮೊಟ್ಟೆಯೊಳಗೆ, ಮೊಟ್ಟೆಯನ್ನು ಬಾತುಕೋಳಿಯೊಳಗೆ ಬಚ್ಚಿಟ್ಟಿದ್ದನಂತೆ, ಯಾರೂ ಮುಟ್ಟಲಾರರು, ಆಸ್ಪತ್ರೆಯಲ್ಲಿ ಡಾಕ್ಟರು ಮುಟ್ಟಿದರು, ನಿಲ್ಲಿಸಿದರು, ರಿಪೇರಿ ಮಾಡಿ ಮತ್ತೆ ನಡೆಸಿದರು, ಎಲ್ಲ ಸರಿಯಾಗಿತ್ತು, ಕೊನೆಗೆ, ಬಡಿತ ತಪ್ಪದಿರಲೆಂದು ಹೃದಯಕ್ಕೆ ತಾಗಿಸಿಟ್ಟಿದ್ದ ತೆಳು ತಂತಿಗಳನ್ನು ನರ್ಸ್ ಟೆಸ್ ಎಳೆದು ತೆಗೆದಳು, ಮುಗೀತು ಮಿಸ್ಟರ್ ಹುಡಾಕ್, ಒಂದು ಗಂಟೆ ಅಲ್ಲಾಡ್ದೆ ಮಲ್ಕೊಳ್ಳಿ, ಆಗಾಗ ಬಂದು ಬಿ.ಪಿ. ನೋಡ್ತೀನಿ, ಒಬ್ಬನೇ ಹೇಗಮ್ಮ ಮಲ್ಕೊಳ್ಳಲಿ, ನನ್ನ ಹೆಂಡ್ತೀನೂ ಪಕ್ಕಕ್ಕೆ ಕಟ್ಟಿಹಾಕಿ ಹೋಗು, ಟೆಸ್ ನಕ್ಕಳು, ವರ್ನಾ ಶೂ ಬಿಚ್ಚಿ ಮಂಚದಂಚಿನಲ್ಲಿ ಅವನಿಗೊತ್ತಿ ಮಲಗಿದಳು, ಕಿಟಕಿಯಾಚೆ ನದಿ, ಸೇತುವೆಯ ಮೇಲೆ ಹಿಮ, ಅವನ ಎದೆಯ ಮೇಲೆ ಅವಳ ಅಂಗೈ, ಅಷ್ಟು ದಿನ ಬಾಗಿಲು ಬಡಿದಂತೆ ಬಡಿದುಕೊಂಡಿದ್ದ ಹೃದಯ ಮೆಲ್ಲಗಾಯಿತು, ಇನ್ನೂ ಮೆಲ್ಲಗೆ, ಯಾರೋ ಮೆಟ್ಟಿಲಿಳಿದು ದೂರ ಹೋಗುತ್ತಿರುವಂತೆ, ಅಬ್ಬ, ನಿದ್ದೆ ಹತ್ತಿತು ಜೀವಕ್ಕೆ, ಸಂತೋಷಕ್ಕೆ ಅವಳ ಕಣ್ಣು ತುಂಬಿತ್ತು, ದೇವರೇ, ತಂತಿ ಕಿತ್ತ ಜಾಗದಿಂದ ರಕ್ತ ಜಿನುಗಿ ಹೃದಯದ ಸುತ್ತ ತುಂಬಿ ಅದನ್ನು ಹಿಂಡುತ್ತಿತ್ತಂತೆ, ಅದಕ್ಕೇ ಸದ್ದು ಅಡಗಿತ್ತಂತೆ, ಅದೆಲ್ಲ ತಿಳಿದದ್ದು ಅವನನ್ನು ಮಣ್ಣು ಮಾಡಿದ ಮೇಲೆ — ಆಗ ಬಾಗಿಲಲ್ಲಿ ಟೆಸ್, ಕೈಯಲ್ಲಿ ಬಿ.ಪಿ. ಪಟ್ಟಿ, ಮತ್ತು ವರ್ನಾ, ಎಮಿಲ್‌ನ ಭುಜದ ಮೇಲಿಂದ ತಲೆಯೆತ್ತಿ, ತೋರುಬೆರಳನ್ನು ತುಟಿಗಿಟ್ಟು — ಟೆಸ್ ಮುಗುಳ್ನಕ್ಕು ತುದಿಗಾಲಲ್ಲಿ ಹೊರಟುಹೋದಳು.

ಹೋಗಬಾರದಿತ್ತು, ಎಬ್ಬಿಸಿ ನೋಡೋದು ಅವಳ ಕೆಲ್ಸ, ಅಷ್ಟೇ ನಮ್ಮ ಕೇಸು ಅನ್ನುತ್ತಾಳೆ ಕೆರಿಗನ್, ನಿಜವೇ, ಕೆರಿಗನ್‌ಗೂ ಆ ಬೆರಳು ಗೊತ್ತಿಲ್ಲ, ಟೆಸ್ ಬಿಟ್ಟು ಯಾರಿಗೂ ಗೊತ್ತಿಲ್ಲ, ಮೇಜಿನ ಆ ತುದಿಯಲ್ಲಿ ಟೆಸ್, ಎಷ್ಟು ಬಡವಾಗಿದ್ದಾಳೆ, ಊಟ ಮಾಡುತ್ತಾಳೋ ಇಲ್ಲವೋ, ಮೊನ್ನೆ ಇದೇ ಕುರ್ಚಿಯಲ್ಲಿ ಪ್ರಮಾಣ ಮಾಡಿ ಹೇಳಿದ್ದಾಳೆ, ಬಾಗಿಲವರೆಗೆ ಬಂದೆ, ಮಲಗಿದ್ರು, ಎಬ್ಬಿಸ್ಲಿಲ್ಲ, ತಪ್ಪು ನಂದೇ, ಅಷ್ಟೇ, ಬೆರಳಿನ ಮಾತೇ ಎತ್ತಲಿಲ್ಲ, ಯಾಕೆ ಮಗಳೇ, ನನ್ನನ್ನು ಉಳಿಸೋದಕ್ಕಾ — ಇಲ್ಲ ಅಂದುಬಿಟ್ಟರಾಯಿತು, ಸುಳ್ಳೂ ಅಲ್ಲ, ಆಗ ಒಂದಕ್ಷರವನ್ನೂ ಆಡಿರಲಿಲ್ಲ, ಇಲ್ಲ ಅಂದರೆ ಕೇಸು ಗೆದ್ದಂತೆ, ಎಮಿಲ್‌ಗೆ ನ್ಯಾಯ, ಆ ಹುಡುಗಿ ಅವನ ಸಾವನ್ನು ಪೂರ್ತಿ ಒಬ್ಬಳೇ ಹೊತ್ತು ಮನೆಗೆ ಹೋಗುತ್ತಾಳೆ, ಅಷ್ಟು ಭಾರ, ಅಷ್ಟು ಸಣ್ಣ ಹೆಗಲು — ಕೈ ತಾನಾಗಿ ಮೇಜಿನಿಂದ ಏಳುತ್ತದೆ, ವರ್ನಾ, ಬೇಡ, ಕೆರಿಗನ್ ಪಿಸುಗುಡುತ್ತಾಳೆ, ತೋರುಬೆರಳು ತುಟಿ ಮುಟ್ಟುತ್ತದೆ, ಆ ತುದಿಯಲ್ಲಿ ಟೆಸ್ ಎರಡೂ ಕೈಯಿಂದ ಮುಖ ಮುಚ್ಚಿಕೊಳ್ಳುತ್ತಾಳೆ, ಮೇಡಂ, ಸನ್ನೇನ ಬರ್ಕೊಳ್ಳೋಕಾಗಲ್ಲ, ಬಾಯ್ಬಿಟ್ಟು ಹೇಳಿ, ಅನ್ನುತ್ತಾಳೆ ಬೆರಳಚ್ಚಿನ ಹುಡುಗಿ, ಹೇಳುತ್ತೇನೆ, ತಡಿ ತಾಯಿ, ಈಗ ತಾನೇ ಕಣ್ಣು ಮುಚ್ಚಿದ್ದಾನೆ, ಅಂಗೈ ಕೆಳಗೆ ಇನ್ನೂ ಬೆಚ್ಚಗಿದೆ, ಬಾಗಿಲಲ್ಲಿ ಟೆಸ್, ತುಟಿಯ ಮೇಲೆ ಬೆರಳು, ತುಟಿಯ ಮೇಲೆ ಬೆರಳು —