ಬೋರಮ್ಮನ ಹಿತ್ತಲಿನ ಹೆಬ್ಬಾವು

ಬೋರಮ್ಮನ ಎರಡು ಕೋಳಿ ಕಾಣೆಯಾಗಿದ್ದವು. ಬೆಕ್ಕಿನ ಕೆಲಸವೇ ಇರಬೇಕೆಂದು ಬೆಕ್ಕನ್ನು ಬೈದು ಸುಮ್ಮನಾಗಿದ್ದಳು. ಆದರೆ ಆ ಬೆಳಿಗ್ಗೆ ಹಿತ್ತಲಿಗೆ ನೀರು ಚೆಲ್ಲಲು ಹೋದವಳು ಬಕೆಟ್ಟು ಬಿಟ್ಟು ಓಡಿಬಂದಳು. ಮೋರಿಯ ದಂಡೆಯ ಮೇಲೆ ತೊಡೆ ಗಾತ್ರದ ಹೆಬ್ಬಾವೊಂದು ಬಿಸಿಲಿಗೆ ಮೈಚಾಚಿ ಮಲಗಿತ್ತು.

ಚಾಮುಂಡಿ ಬೆಟ್ಟದ ಬುಡದ ಆ ಬಡಾವಣೆಯಲ್ಲಿ ಬೋರಮ್ಮನದೇ ಕೊನೆಯ ಮನೆ. ಅದರಾಚೆ ಮೋರಿ, ಖಾಲಿ ಸೈಟು, ಪೊದೆ, ಆಮೇಲೆ ಬೆಟ್ಟವೇ. ಗಂಡ ಕಾಳಯ್ಯ ಬೆಟ್ಟದ ಮೆಟ್ಟಿಲ ಹತ್ತಿರ ಎಳನೀರು ಮಾರುತ್ತಾನೆ. ಜನ ಕುಡಿದು ಬಿಟ್ಟ ಬುರುಡೆಗಳನ್ನು ಒಲೆಗಾದೀತೆಂದು ತಂದು ಹಿತ್ತಲಲ್ಲಿ ಗುಡ್ಡೆ ಹಾಕುತ್ತಾನೆ.

ಹೆಂಡತಿಯ ಕೂಗು ಕೇಳಿ ಕಾಳಯ್ಯ ದೊಣ್ಣೆ ಹಿಡಿದು ಬಂದ. ಎದುರು ಮನೆಯ ಲಿಂಗಯ್ಯ ಕಲ್ಲು ಎತ್ತಿಕೊಂಡ. ಪಕ್ಕದ ಮನೆಯ ಧರಣಿ ಆಸ್ಪತ್ರೆಯಲ್ಲಿ ನರ್ಸು. ಡ್ಯೂಟಿಗೆ ಹೊರಟಿದ್ದವಳು ಅಲ್ಲಿಂದಲೇ ಕೂಗಿದಳು.

"ಕಾಳಣ್ಣ, ಹೊಡೀಬೇಡಿ! ಹೆಬ್ಬಾವನ್ನ ಕೊಂದ್ರೆ ಕೇಸಾಗುತ್ತೆ. ಅದಕ್ಕೆ ವಿಷ ಇಲ್ಲ, ಆದ್ರೂ ಹತ್ರ ಹೋಗ್ಬೇಡಿ. ಅರಣ್ಯ ಇಲಾಖೆಗೆ ಫೋನ್ ಮಾಡ್ತೀನಿ."

"ವಿಷ ಇಲ್ದಿದ್ರೇನವ್ವ, ನನ್ ಕೋಳಿ ನುಂಗ್ತಲ್ಲ!" ಎಂದಳು ಬೋರಮ್ಮ. "ಮನೇಲಿ ಮೊಮ್ಮಗು ಬೇರೆ ಅವಳೆ."

"ನಿಮ್ಮ ಕೋಳಿಗೂಡಿಗೆ ಬಾಗಿಲೇ ಇಲ್ಲ ಬೋರಕ್ಕ. ಬುರುಡೆ ಗುಡ್ಡೇಲಿ ಇಲಿ, ಹೆಗ್ಗಣ ತುಂಬ್ಕೊಂಡಿವೆ. ಊಟ ಇಟ್ಟು ಕರ್ದಿರೋದು ನಾವೇ ಅಲ್ವಾ?"

ಅಷ್ಟರಲ್ಲಿ ಲಿಂಗಯ್ಯ ಕಲ್ಲು ಬೀರಿಯೇ ಬಿಟ್ಟ. ಹಾವು ಸರಸರನೆ ಮೋರಿಗಿಳಿದು ಮಾಯವಾಯಿತು. ಇಲಾಖೆಯವರು ಬಂದು ಪೊದೆಯೆಲ್ಲ ಹುಡುಕಿದರೂ ಸಿಗಲಿಲ್ಲ. "ಮತ್ತೆ ಕಂಡ್ರೆ ಕೆಣಕಬೇಡಿ. ದೂರದಿಂದ ಕಣ್ಣಿಟ್ಟಿರಿ, ನಮಗೆ ಫೋನ್ ಮಾಡಿ," ಎಂದು ಹೇಳಿ ಹೋದರು.

ಕಂಡ ಹಾವಿಗಿಂತ ಕಾಣದ ಹಾವೇ ಬೋರಮ್ಮನನ್ನು ಹೆಚ್ಚು ಕಾಡಿತು. ಕೂತಲ್ಲಿ ಕೂರಲಾರಳು, ನಿಂತಲ್ಲಿ ನಿಲ್ಲಲಾರಳು. ಒಲೆಯ ಮೇಲೆ ಎಸರಿಟ್ಟು ಬಂದು ಮಂಚದ ಕೆಳಗೆ ಬಗ್ಗಿ ನೋಡುವಳು. ಬಚ್ಚಲ ಪೈಪು ಗೊಳಗೊಳ ಎಂದರೂ ಓಡಿಹೋಗಿ ಇಣುಕುವಳು. ಮೊಮ್ಮಗಳು ಲಾಸ್ಯಳನ್ನು ಅಂಗಳಕ್ಕೂ ಬಿಡಲಿಲ್ಲ. "ಆ ಗುಡ್ಡೆ ತೆಗೀರಿ, ಆ ಗುಡ್ಡೆ ತೆಗೀರಿ," ಎಂದು ಗಂಡನ ತಲೆ ತಿಂದಳು.

ಕಾಟ ತಡೆಯಲಾರದೆ ಕಾಳಯ್ಯ ಒಂದು ಸಂಜೆ ಗುಡ್ಡೆಗೆ ಕೈಹಾಕಿದ. ನಾಲ್ಕು ಬುರುಡೆ ಎತ್ತುವಷ್ಟರಲ್ಲಿ ಒಳಗೊಂದು ಗಿಡ್ಡ, ದಪ್ಪ ಹಾವು ಕಂಡಿತು. ಬೆನ್ನ ಮೇಲೆ ಸರಪಳಿಯಂತೆ ಕಂದು ಮಚ್ಚೆಗಳು.

"ಇಲ್ನೋಡು, ಹೆಬ್ಬಾವಿನ ಮರಿ! ಇದ್ಕೆ ವಿಷ ಇಲ್ಲ ಅಂತ ಧರಣಿನೇ ಹೇಳುದ್ಲಲ್ಲ. ಚೀಲಕ್ಕೆ ಹಾಕ್ಬುಡ್ತೀನಿ."

"ಮುಟ್ಬೇಡಿ ಕಣ್ರೀ!" ಬೋರಮ್ಮ ಕಿರುಚಿದಳು.

ಹಾವು ಕುಕ್ಕರು ಆವಿ ಬಿಟ್ಟಂತೆ ಬುಸ್ಸೆಂದಿತು. ಗೋಣಿಚೀಲ ಚಾಚಿದ ಕಾಳಯ್ಯ ಮರುಗಳಿಗೆಯೇ ಕೈ ಹಿಡಿದುಕೊಂಡು ಕುಸಿದ. ಹಾವು ಮತ್ತೆ ಗುಡ್ಡೆಯೊಳಗೆ ನುಸುಳಿತು.

ಲಿಂಗಯ್ಯ ಓಡಿಬಂದು ತೋಳಿಗೆ ಹಗ್ಗ ಬಿಗಿದ. "ಬ್ಲೇಡ್ ತಕೊಂಬನ್ನಿ! ನಮ್ಮೂರಲ್ಲಿ ಮಂತ್ರ ಹಾಕೋರವ್ರೆ, ಆಟೋ ಕರೀತೀನಿ."

ಅಷ್ಟರಲ್ಲಿ ಧರಣಿ ಬಂದಳು. ಹಾವು ಹೇಗಿತ್ತೆಂದು ಕೇಳಿದಳು. ಬೋರಮ್ಮ ಬೆನ್ನ ಮೇಲಿನ ಮಚ್ಚೆಗಳ ವಿಷಯ ಹೇಳಿದಳು.

"ಅದು ಹೆಬ್ಬಾವಿನ ಮರಿಯಲ್ಲ ಅಕ್ಕ, ಕೊಳಕುಮಂಡಲ! ನೋಡೋಕೆ ಹಂಗೇ ಇರುತ್ತೆ, ವಿಷ ಮಾತ್ರ ಘೋರ. ಹಗ್ಗ ಬಿಚ್ಚಿ. ಕುಯ್ಯೋದು, ಹೀರೋದು ಏನೂ ಬೇಡ. ಕಾಳಣ್ಣ, ಉಂಗುರ ತೆಗೀರಿ, ಕೈ ಆಡಿಸ್ಬೇಡಿ, ನೀವಾಗೇ ನಡೀಬೇಡಿ."

"ಆ ಹಾವನ್ನ ಹೊಡ್ದು ಡಾಕ್ಟ್ರಿಗೆ ತೋರಿಸ್ಬೇಡ್ವಾ?" ಎಂದ ಲಿಂಗಯ್ಯ.

"ಹೊಡ್ಯೋಕೋದ್ರೆ ನಿಮಗೂ ಕಚ್ಚುತ್ತೆ. ಡಾಕ್ಟ್ರಿಗೆ ಹಾವು ಬೇಕಿಲ್ಲ, ಕಚ್ಚಿಸ್ಕೊಂಡೋರು ಬೇಗ ಬರ್ಬೇಕು ಅಷ್ಟೇ."

"ಮಂತ್ರ ಹಾಕಿಸ್ಕೊಂಡೇ ಆಸ್ಪತ್ರೆಗೆ ಹೋದ್ರೆ ಆಗಕಿಲ್ವ ಧರಣಿ?" ಬೋರಮ್ಮ ಕೇಳಿದಳು. ಅವಳ ತವರಿನಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದರು.

"ಅಷ್ಟೊತ್ತಿಗೆ ಕೈಮೀರಿ ಹೋಗುತ್ತೆ. ಈ ವಿಷಕ್ಕೆ ಇಂಜೆಕ್ಷನ್ ಇರೋದು ಆಸ್ಪತ್ರೇಲಿ ಮಾತ್ರ."

ಬೋರಮ್ಮ ಗಂಡನ ಕೈ ನೋಡಿದಳು. ಅದು ಕಣ್ಣೆದುರೇ ಊದುತ್ತಿತ್ತು. "ದೊಡ್ಡಾಸ್ಪತ್ರೆಗೇ ನಡಿಯವ್ವ," ಎಂದಳು.

ಆಟೋ ಆಸ್ಪತ್ರೆ ತಲುಪುವಷ್ಟರಲ್ಲಿ ಕಾಳಯ್ಯನ ಒಸಡಿನಲ್ಲಿ ರಕ್ತ ಜಿನುಗುತ್ತಿತ್ತು. ಇಂಜೆಕ್ಷನ್ ಶುರುವಾಯಿತು. ಬೋರಮ್ಮ ವಾರ್ಡಿನ ಹೊರಗೆ ಕೂರದೆ ಅತ್ತಿಂದಿತ್ತ ನಡೆದಳು. "ಜೀವಕ್ಕೆ ಭಯ ಇಲ್ಲ, ತಡ ಮಾಡದೆ ಕರೆತಂದಿರಿ," ಎಂದು ಡಾಕ್ಟರು ಹೇಳಿದ ಮೇಲೇ ಅವಳು ಒಂದು ಲೋಟ ಕಾಫಿ ಕುಡಿದದ್ದು.

ಬಟ್ಟೆ ತರಲೆಂದು ಮನೆಗೆ ಬಂದರೆ ಹಿತ್ತಲ ತುಂಬ ಜನ. ಹೆಬ್ಬಾವು ಕೋಳಿಗೂಡಿನೊಳಗೆ ಮಲಗಿತ್ತು, ಹೊಟ್ಟೆ ಉಬ್ಬಿತ್ತು. ಲಿಂಗಯ್ಯನ ಕೈಯಲ್ಲಿ ಹಾರೆ.

"ಬೋರಕ್ಕ, ನಿನ್ ಗಂಡನ್ನ ಮಲಗಿಸಿದ ಜಾತಿ ಇದು. ಇವತ್ತು ಬುಡಾಕಿಲ್ಲ."

ಬೋರಮ್ಮನಿಗೂ ಸಿಟ್ಟು ಉಕ್ಕಿತು. ಇನ್ನೊಂದು ಕೋಳಿ ಹೋಗಿತ್ತು, ಗಂಡ ಆಸ್ಪತ್ರೆಯಲ್ಲಿದ್ದ. ಒಂದು ಗಳಿಗೆ ಹಾರೆಯನ್ನೇ ನೋಡಿದಳು. ಆಮೇಲೆ ಗೂಡಿಗೆ ಅಡ್ಡವಾಗಿ, ಹಾವಿನಿಂದ ದೂರದಲ್ಲೇ ನಿಂತಳು.

"ಕೆಳಗಿಡು ಲಿಂಗಣ್ಣ. ಕಚ್ಚಿದ್ದು ಇದಲ್ಲ. 'ವಿಷ ಇಲ್ಲ' ಅನ್ನೋದನ್ನ ಕೇಳ್ಕೊಂಡು, 'ಹತ್ರ ಹೋಗ್ಬೇಡಿ' ಅನ್ನೋದನ್ನ ಕೇಳ್ದೆ ಇದ್ದೋರು ನಾವು. ಇನ್ನೊಬ್ರು ಆಸ್ಪತ್ರೆ ಸೇರೋದು ಬ್ಯಾಡ. ಎಲ್ರೂ ಹಿಂದಕ್ಕೆ ಸರೀರಿ."

ಜನರ ನಡುವೆ ನಿಂತಿದ್ದ ಲಾಸ್ಯಳನ್ನು ಒಳಗೆ ಕೂರಿಸಿ ಬಾಗಿಲು ಹಾಕಿ, ತಾನೇ ಫೋನ್ ಮಾಡಿದಳು. ಇಲಾಖೆಯವರು ಬಂದು ಹೆಬ್ಬಾವನ್ನು ಚೀಲಕ್ಕೆ ಇಳಿಸಿ, ಗುಡ್ಡೆಯಲ್ಲಿ ಅಡಗಿದ್ದ ಕೊಳಕುಮಂಡಲವನ್ನೂ ಹುಡುಕಿ ಹಿಡಿದು, ಎರಡನ್ನೂ ಕಾಡಿಗೆ ಒಯ್ದರು. ಯಾರಿಗೂ ಒಂದು ಗೀರೂ ಆಗಲಿಲ್ಲ. ಲಿಂಗಯ್ಯ ಹಾರೆ ಒರಗಿಸಿ, "ನಾಳೆ ಗುಡ್ಡೆ ತೆಗ್ಯೋಕೆ ನಾನೂ ಬತ್ತೀನಿ. ದಪ್ಪ ಬೂಟು, ಉದ್ದ ಕೋಲು ತತ್ತೀನಿ," ಎಂದ.

ಓದುಗರೇ, ನಿಮ್ಮ ಹಿತ್ತಲನ್ನೂ ಒಮ್ಮೆ ನೋಡಿ. ಕಸದ ರಾಶಿ ಇದ್ದರೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ. ಕೋಳಿಗೂಡಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿ, ಕತ್ತಲಲ್ಲಿ ಟಾರ್ಚ್ ಇಲ್ಲದೆ ಹೊರಗೆ ಕಾಲಿಡಬೇಡಿ. ಹಾವು ದೊಡ್ಡದಿರಲಿ, ಮರಿಯಂತೆ ಕಾಣಲಿ, ಯಾವುದೆಂದು ಪರೀಕ್ಷಿಸುವ ಕೆಲಸ ನಿಮ್ಮದಲ್ಲ. ಮಕ್ಕಳನ್ನು ಒಳಗೆ ಕರೆದುಕೊಳ್ಳಿ, ದೂರ ನಿಲ್ಲಿ, ಅರಣ್ಯ ಇಲಾಖೆಗೆ ತಿಳಿಸಿ. ಕಚ್ಚಿದರೆ 108ಕ್ಕೆ ಕರೆ ಮಾಡಿ, ನೇರ ಆಸ್ಪತ್ರೆಗೆ ಹೋಗಿ. ದಾರಿಯಲ್ಲಿ ಬೇರೆಲ್ಲೂ ನಿಲ್ಲಬೇಡಿ.